ಮರದ ಕಡೆ, ರಸ್ತೆ ಕಡೆ

ಮಾರ್ಚ್ 4
ಬೆಳಗಿನಿಂದ ಮತ್ತದೇ ಡ್ರೋನ್ ವಿಡಿಯೊಗಳು. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಾನೆ. ಎಂ.ಎ. ಓದಿ ಏನು ಬಂತು, ಒಂದು ಆಟಿಕೆ ಆರಿಸಲು ಬರುವುದಿಲ್ಲ! ಬೇಕಾದ್ದು ಇಷ್ಟೇ — ಬಿದ್ದರೆ ಮುರಿಯಬಾರದು, ಹಾರಿದ್ದು ರೆಕಾರ್ಡ್ ಆಗಬೇಕು.

ಇವರು ಓಡಿಸುತ್ತಿದ್ದ ಟವರ್ ಕ್ರೇನನ್ನು ತಿಂಗಳ ಕೊನೆಗೆ ಬಿಚ್ಚುತ್ತಾರಂತೆ. ಕಿವಿಯ ಕಾಯಿಲೆಯಿಂದ ತಲೆ ಸುತ್ತಿ ಕೆಳಗಿಳಿದವರು ಮತ್ತೆ ಹತ್ತಲಿಲ್ಲ. “ಕ್ಯಾಬಿನ್ ಒಂದ್ಸಲ ನೋಡ್ಬೇಕಿತ್ತು ಕಣೇ” ಎಂದರು, ಟೀ ಆರಿಸುತ್ತಾ. ಆಮೇಲೆ ಆ ಮಾತೇ ಎತ್ತಲಿಲ್ಲ.

ಮಾರ್ಚ್ 7
ಅಂಗಡಿಯವನು ದೊಡ್ಡದನ್ನೇ ಮುಂದಿಟ್ಟ.
“ಮೇಡಂ, ಇದ್ರಲ್ಲಿ ಸಿನಿಮಾನೇ ತೆಗೀಬಹುದು.”
“ಬಿದ್ರೆ?”
“ಬೀಳಿಸ್ಬೇಡಿ.”
ಎಂಥ ಜ್ಞಾನ!

ಅಂಗೈಯಗಲದ್ದು ತಂದೆ. ಪ್ರೊಪೆಲರ್‌ಗಳ ಸುತ್ತ ಬಳೆಯಂಥ ಗಾರ್ಡ್. ರಿಮೋಟ್, ಗಾಗಲ್ಸ್ ಜೊತೆಗೇ ಬಂದವು. ಡ್ರೋನ್ ಕಂಡದ್ದು ಗಾಗಲ್ಸ್‌ನಲ್ಲಿ ಕಾಣುತ್ತದೆ, ಗಾಗಲ್ಸ್‌ನೊಳಗಿನ ಕಾರ್ಡಿಗೇ ರೆಕಾರ್ಡ್ ಆಗುತ್ತದೆ. ಕನ್ನಡಕದ ಮೇಲೆ ಕೂರುವುದು ಇದೊಂದೇ ಇತ್ತು.

ಮಾರ್ಚ್ 8
ಪರದೆ. ಫ್ಯಾನ್. ಮತ್ತೆ ಪರದೆ. ಮನೆಯೊಳಗೆ ಅದು ಬಡಿಯದ ಜಾಗವಿಲ್ಲ. ಇವರು ಗಾಗಲ್ಸ್ ಹಾಕಿಕೊಂಡರು — ತಲೆ ಸುತ್ತಿ ಬಚ್ಚಲಿಗೆ ಓಡಿದರು. ಇನ್ನು ಇವರು ರೆಕಾರ್ಡ್ ಆದದ್ದನ್ನು ಟಿವಿಯಲ್ಲೇ ನೋಡಬೇಕು.

ರೆಕಾರ್ಡ್ ಹಾಕಿದರೆ... ಹಾರಿದ್ದು ಒಂದೂ ಇಲ್ಲ! ಬಿದ್ದ ಮೇಲಿನ ಸೋಫಾ ಕೆಳಗಿನ ಧೂಳು ಮಾತ್ರ. (ಎಂದೋ ಕಳೆದುಹೋದ ಸೋಫಾದ ಹಸಿರು ದಿಂಬು ಅಲ್ಲೂ ಇಲ್ಲ.) ಬಟನ್ ಒಮ್ಮೆ ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ನಾನೋ, ಚಿಲಕ ಎಳೆದು ನೋಡುವವಳ ಹಾಗೆ, ಶುರು ಮಾಡುವಾಗ ಖಾತ್ರಿಗೆಂದು ಎರಡು ಸಲ ಒತ್ತುತ್ತೇನೆ. ಬಿದ್ದ ಮೇಲೆ ನಿಲ್ಲಿಸಲು ಒತ್ತಿದಾಗ ಶುರುವಾಗಿದೆ.

ಮಾರ್ಚ್ 17
ಮೈದಾನ. ಗಾಗಲ್ಸ್ ಹಾಕಿದರೆ ಸುತ್ತಲಿನದು ಕಾಣದು. ಡ್ರೋನ್ ಮೇಲೆ ಕಣ್ಣಿಡಲು ಇನ್ನೊಬ್ಬರು ಬೇಕು. ಇವರು ಕುರ್ಚಿ ಹಾಕಿ ಕೂತರು.
“ಎಡಕ್ಕೆ... ಎಡಕ್ಕೆ ಅಂದ್ನಲ್ಲೇ!”
ಮರಕ್ಕೆ ಬಡಿಯಿತು.
“ಎಡಕ್ಕೇ ತಿರುಗಿಸ್ದೆ ರೀ! ಅದು ನಮ್ಮ ಕಡೆ ಮುಖ ಮಾಡಿತ್ತು. ಅದ್ರ ಎಡ ನಿಮ್ಗೆ ಬಲ.”
“ಇಪ್ಪತ್ತು ವರ್ಷ ಕ್ಯಾಬಿನ್‌ನಲ್ಲಿ ನನ್ನ ಎಡಾನೇ ಎಲ್ರ ಎಡ!”
“ಮನೇಲೂ ಹಾಗೇ ಅಲ್ವಾ.”
ಗಾರ್ಡ್ ಬಿರುಕು ಬಿಟ್ಟಿದೆ. ದಾರಿಯುದ್ದಕ್ಕೂ ಮಾತಿಲ್ಲ.

ಮಾರ್ಚ್ 20
ಇನ್ನೂ ಮಾತಿಲ್ಲ. ಕವಿತೆ ಓದಲು ಕೂತರೆ ಸಾಲುಗಳೂ ಹೋಗಿ ಮರಕ್ಕೆ ಬಡಿಯುತ್ತವೆ.

ಸಂಜೆ ಇವರು ತಾವೇ ಗಾರ್ಡಿಗೆ ಅಂಟು ಹಚ್ಚುತ್ತಾ ಕೂತಿದ್ದರು.
“ಎಡ ಬಲ ಎರಡೂ ಹಾಳಾಗ್ಲಿ. ಮರದ ಕಡೆ, ರಸ್ತೆ ಕಡೆ ಅಂತೀನಿ. ಆಯ್ತಾ?”

ಮಾರ್ಚ್ 28, ಭಾನುವಾರ
ಕ್ರೇನ್ ಇರುವ ಸೈಟಿನಲ್ಲಿ ಕೆಲಸಕ್ಕೆ ರಜೆ. ಸೂಪರ್‌ವೈಸರ್ ಗೇಟು ತೆರೆದುಕೊಟ್ಟರು. ನಾಳೆ ಕ್ರೇನ್ ಬಿಚ್ಚುತ್ತಾರೆ.

“ರಸ್ತೆ ಕಡೆ... ಇನ್ನೂ... ನಿಲ್ಸು. ಈಗ ಮೇಲೆ.” ಇವರ ದನಿ ಒಮ್ಮೆಯೂ ಅಲುಗಲಿಲ್ಲ.

ಕ್ಯಾಬಿನ್. ಕಿಟಕಿಯ ಗಾಜು ಆಗಲೇ ತೆಗೆದಿದ್ದರು, ಡ್ರೋನನ್ನು ಒಳಗೆ ನುಗ್ಗಿಸಿದೆ. ಸೀಟಿನ ಮೇಲೆ — ಹಸಿರು ದಿಂಬು! ಸೋಫಾಗೆಂದು ನಾನು ಕಸೂತಿ ಹಾಕಿದ್ದು. ಈ ಮಹಾನುಭಾವರು ನನ್ನ ಜೊತೆ ಮಂಚದ ಕೆಳಗೆಲ್ಲ ಹುಡುಕಿದ್ದರು! ದಿಂಬು ಕಂಡೆನೆಂದು ಬಾಯಿ ಬಿಡಲಿಲ್ಲ ನಾನು.

ಗಾಳಿ ನುಗ್ಗಿತು. ಚಿತ್ರ ಕದಡಿ ಕಪ್ಪಾಯಿತು.
“ಒಳಗೇ ಬಿತ್ತು” ಎಂದರು.
“ಹೋಯ್ತು ರೀ...”
“ಇರ್ಲಿ ಬಿಡು. ನನ್ ಬದ್ಲು ಕೂತಿರ್ಲಿ.”

ಈಗ ಹಾಲ್‌ನಲ್ಲಿ ಕಾರ್ಡನ್ನು ಟಿವಿಗೆ ಹಾಕುತ್ತಿದ್ದಾರೆ. ನನಗೆ ಹೋಗಲು ಧೈರ್ಯವಿಲ್ಲ. ಬಟನ್ ಒಮ್ಮೆ ಒತ್ತಿದೆನೋ, ಆ ಹಾಳು ಅಭ್ಯಾಸಕ್ಕೆ ಎರಡು ಸಲವೋ? ಎಷ್ಟು ಯೋಚಿಸಿದರೂ ಬೆರಳಿಗೆ ನೆನಪಿಲ್ಲ. ಡ್ರೋನೂ ಇಲ್ಲ, ಇನ್ನೊಂದು ಭಾನುವಾರವೂ ಇಲ್ಲ. ಹಾಲ್‌ನಲ್ಲಿ ಸದ್ದೇ ಇಲ್ಲ... ಖಾಲಿಯೇ ಇರಬೇಕು. ಎದ್ದು ಹೋಗಿ ಏನು ಹೇ—

ಕೂಗುತ್ತಿದ್ದಾರೆ.
“ಏ, ಬಾರೇ ಇಲ್ಲಿ! ಆ ದಿಂಬಿನ ವಿಷ್ಯ... ಬಯ್ಯೋಕ್ ಮುಂಚೆ ಒಂದ್ ಮಾತು ಕೇಳು—”

ಅಂದರೆ ಬಟನ್ ಒಂದೇ ಸಲ ಒತ್ತಿದ್ದೆ—