ಕೈಪಿಡಿ ತಿರುವಿ

ತಂಪುಪೇಟೆ, ರಾಯಚೂರು ಸೀಮೆ
ಶನಿವಾರ, ಫೆಬ್ರವರಿ ೩೦, ೨೨೧೧

ಇನ್ನೂರು ವರ್ಷ ಹಿಂದಿನ ಹೈಸ್ಕೂಲು ಮಕ್ಕಳೇ,

ಮೊದಲಿಗೆ ತಪ್ಪೊಪ್ಪಿಗೆ. ಅಮರಯ್ಯ ಗುರುಗುಂಟಿ ಎಂಬ ನಾನು, ವಯಸ್ಸು ಐವತ್ತೊಂದು, ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ, ಇಂದು ಬೆಳಿಗ್ಗೆ ನಮ್ಮ ಶಾಲೆಯ ಗಾಜಿನ ಪೆಟ್ಟಿಗೆಯಿಂದ ಒಂದು ಪೆನ್ಸಿಲ್ ಕದ್ದಿದ್ದೇನೆ. ಅದರ ಮುಂದೆ ‘ಪ್ರಾಚೀನ ಕೈಸಾಮಾನು, ಮುಟ್ಟಬಾರದು’ ಎಂಬ ಫಲಕವಿದೆ. ಬರೆಸಿದವನೂ ನಾನೇ. ಮಕ್ಕಳಿಗೆ ತೋರಿಸಲೆಂದು ತೆಗೆದುಕೊಂಡೆ ಎನ್ನುವುದು ವಿಚಾರಣೆಯಲ್ಲಿ ಹೇಳಲಿರುವ ಕಾರಣ. ಕಿವಿ ತುರಿಸುತ್ತಿತ್ತು ಎನ್ನುವುದು ನಿಜವಾದ ಕಾರಣ.

ತಾರೀಖು ನೋಡಿ ನಗಬೇಡಿ. ನಮಗೆ ಉಳಿದಿರುವ ತಂಪು ತಿಂಗಳು ಫೆಬ್ರವರಿ ಒಂದೇ. ಅದಕ್ಕೇ ಸರಕಾರ ಮೇ ತಿಂಗಳಿಂದ ಎರಡು ದಿನ ಕಿತ್ತು ಇದಕ್ಕೆ ಅಂಟಿಸಿತು. ಬಿಸಿಲು ಮಾತ್ರ ಇನ್ನೂ ಆ ಆದೇಶ ಓದಿಲ್ಲ. ನನ್ನ ಮಾತಿನಲ್ಲಿ ನಿಮಗೆ ಒಗ್ಗದ ಪದಗಳಿದ್ದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಕೈಬರಹವೋ ಹಣೆಬರಹವೋ ಎಂದು ಕೇಳಬೇಡಿ, ನಮ್ಮ ಕಾಲದಲ್ಲಿ ಎರಡೂ ತಿದ್ದಲು ಬರುವುದಿಲ್ಲ. ಪತ್ರ ನಿಮಗೆ ತಲುಪಿಸುವುದು ‘ಹಿಂದಂಚೆ’, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಇಲ್ಲಿಯವರೆಗೆ ಒಬ್ಬರೂ ಉತ್ತರ ಬರೆದಿಲ್ಲವಾದ್ದರಿಂದ ಪತ್ರಗಳು ಸರಿಯಾದ ಕಾಲಕ್ಕೇ ಮುಟ್ಟುತ್ತಿವೆ ಎಂದು ಇಲಾಖೆ ನಂಬಿದೆ.

ನಮ್ಮ ಊರು ನೆಲದೊಳಗಿದೆ. ಮೇಲೆ ಬದುಕುವುದು ಆಗದಾದಾಗ ಹಿರಿಯರು ಬಂಡೆ ಕೊರೆದು ಕೆಳಗಿಳಿದರು. ಹಾಗಾಗಿ ತಂಪುಪೇಟೆಯಲ್ಲಿ ಎಲ್ಲರೂ ತಳವೂರಿದವರೇ. ಇಲ್ಲಿ ಕೆಲಸವನ್ನೆಲ್ಲ ‘ಹೇಳಾಳು’ ಮಾಡುತ್ತದೆ, ಅಂದರೆ ಹೇಳಿದ್ದನ್ನು ಕೇಳುವ, ಕಣ್ಣಿಗೆ ಕಾಣದ ಆಳು. ಬಾಗಿಲಿಗೆ ‘ತೆರೆ’ ಎಂದರೆ ತೆರೆಯಿತು, ನಲ್ಲಿಗೆ ‘ಸಾಕು’ ಎಂದರೆ ನಿಂತಿತು, ರೊಟ್ಟಿಗೆ ‘ಹೊರಳು’ ಎಂದರೆ ಹೊರಳಿತು. ನಿಮ್ಮ ಕಾಲದಲ್ಲಿ ಕೈ ಕೆಸರಾದರೆ ಬಾಯಿ ಮೊಸರಂತೆ. ನಮ್ಮಲ್ಲಿ ಕೆಸರಿನ ಕೆಲಸವೂ ಬಾಯಿಯದೇ, ಮೊಸರೂ ಬಾಯಿಯದೇ. ಕೈ ಇರುವುದು ಮುಗಿಯಲಿಕ್ಕೆ. ಹೀಗೇ ಬಿಟ್ಟರೆ ಕೈ ನಿಜಕ್ಕೂ ಮುಗಿದೇ ಹೋದೀತು ಎಂದು ಹೆದರಿ ಎಂಟು, ಒಂಬತ್ತು, ಹತ್ತನೇ ತರಗತಿಗೆ ‘ಕೈಪಾಠ’ ಎಂಬ ವಿಷಯ ಇಟ್ಟರು. ಅದರ ಮೇಷ್ಟ್ರು ನಾನು, ಇಪ್ಪತ್ತೆರಡು ವರ್ಷದಿಂದ. ಸುತ್ತಿಗೆಯ ಐದು ಉಪಯೋಗ, ಮೊಳೆಯ ಮೂರು ಭಾಗ, ಗಂಟಿನ ವ್ಯಾಖ್ಯೆ ಎಲ್ಲ ನನ್ನ ಮಕ್ಕಳ ನಾಲಿಗೆಯ ತುದಿಯಲ್ಲಿವೆ. ಸುತ್ತಿಗೆ ಮಾತ್ರ ಗಾಜಿನ ಪೆಟ್ಟಿಗೆಯಲ್ಲಿದೆ. ಕೈಪಾಠವನ್ನು ನಾನು ಬಾಯಿಪಾಠ ಮಾಡಿಸಿದ್ದೇನೆ, ನೂರಕ್ಕೆ ನೂರು ಫಲಿತಾಂಶ.

ಇದರ ಜೊತೆಗೆ ಶನಿವಾರದ ‘ಓಣಿಪಾಳಿ’. ಮಕ್ಕಳು ಪಾಳಿಯಂತೆ ಹೋಗಿ ಓಣಿಯ ಜನಕ್ಕಾಗಿ ಏನಾದರೊಂದು ಕೆಲಸ ಮಾಡಬೇಕೆಂಬುದು ನಿಯಮ. ನಡೆಯುವುದೇನೆಂದರೆ ಹೇಳಾಳು ಕೆಲಸ ಮಾಡುವಾಗ ಪಕ್ಕದಲ್ಲಿ ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳುವುದು. ಇಂದು ಒಂಬತ್ತನೇ ತರಗತಿಯ ಹದಿನೈದು ಮಕ್ಕಳನ್ನು ಮೂರು ಓಣಿಗೆ ನೀರು ಸೋಸಿ ಕಳಿಸುವ ನೀರಮನೆಗೆ ಕರೆತಂದೆ. ಹುಲಿಗೆಮ್ಮ ಎಂಬ ಹುಡುಗಿ ಬಾಗಿಲಲ್ಲೇ ಕೇಳಿದಳು, “ಸರ್, ಇವತ್ತರ ಏನರ ಮುಟ್ಟೂದು ಅದ ಏನ್ರಿ, ಇಲ್ಲಾ ಬರೇ ನೋಡಿ ಕೈ ಮುಗದು ಬರೂದು?” ನಾನು ಎಲ್ಲರನ್ನೂ ಒಳಗೆ ಕರೆದು, ಚೀಲವನ್ನು ಗೋಡೆಯ ಗೂಟಕ್ಕೆ ನೇತುಹಾಕಲು ಹೇಳಿ ಸಾಲು ಮಾಡಿಸಿದೆ.

ಹತ್ತೂವರೆಗೆ ವಿದ್ಯುತ್ ಹೋಯಿತು. ಮೇಲಿಂದ ಕಬ್ಬಿಣದ ಬಾಗಿಲು ದಡಾರನೆ ಇಳಿದು ನೆಲ ಕಚ್ಚಿತು, ಗಾಳಿಯಂತ್ರ ನಿಂತಿತು, ಹೇಳಾಳಿನ ಸೊಲ್ಲಡಗಿತು. ಹಳೆಯ ಬ್ಯಾಟರಿಯ ಒಂದು ದೀಪ ಮಾತ್ರ ಮಿಣುಕುತ್ತಿತ್ತು. ನಾವೆಲ್ಲ ‘ತೆರೆ’ ಎಂದೆವು. ಮೃದುವಾಗಿ ಎಂದೆವು, ಗದರಿಸಿ ಎಂದೆವು, ಹದಿನಾರು ಜನ ಒಟ್ಟಿಗೆ ಎಂದೆವು. ಬಂಡೆಗೋಡೆ ನಾಲ್ಕು ಅಡಿ ದಪ್ಪ, ಹೊರಗೆ ಕೇಳಿಸಲಿಲ್ಲ. ಒಳಗಿದ್ದ ಗಾಳಿ ಅಷ್ಟು ಉಸಿರಿಗೆ ಹೆಚ್ಚೆಂದರೆ ಎರಡು ತಾಸು. ಅದರಲ್ಲೂ ಜೈನಾಬಿಗೆ ಉಬ್ಬಸ. ತರಗತಿಯಲ್ಲೇ ಅತಿ ಹೆಚ್ಚು ನಗಿಸುವ ಹುಡುಗಿ ಅವಳು. ಅರ್ಧ ತಾಸಿನಲ್ಲಿ ಅವಳ ಎದೆಯಿಂದ ಸಿಳ್ಳೆಯಂಥ ಸದ್ದು ಶುರುವಾಯಿತು.

ಆಗ ನನ್ನ ಕಣ್ಣಿಗೆ ಗೋಡೆಯ ತಗಡು ಬಿತ್ತು. ಕಟ್ಟಿದವರ ಕಾಲದ್ದು. ‘ವಿದ್ಯುತ್ ನಿಂತಾಗ ಕೈಪಿಡಿ ತಿರುವಿ’ ಎಂದು ಕೊರೆದಿತ್ತು. ಮಕ್ಕಳೇ, ನಾನು ಕನ್ನಡದಲ್ಲಿ ಎಂ.ಎ. ಕೈಪಿಡಿ ಎಂದರೆ ಮಾರ್ಗದರ್ಶಿ ಪುಸ್ತಕ, ತಿರುವುವುದು ಎಂದರೆ ಪುಟ ತಿರುವುವುದು ಎಂದು ವಿವರಿಸಿದೆ, ಉದಾಹರಣೆ ಸಹಿತ. ಕಪಾಟಿನಲ್ಲಿ ಪುಸ್ತಕ ಸಿಕ್ಕಿಯೂ ಸಿಕ್ಕಿತು. ಮುನ್ನೂರ ಹನ್ನೆರಡು ಪುಟ. ಕೈಪಿಡಿ ಸಿಕ್ಕಿತು, ಪರಿವಿಡಿ ಸಿಗಲಿಲ್ಲ, ಯಾರೋ ಆ ಹಾಳೆ ಹರಿದಿದ್ದರು. ದೀಪದ ಕೆಳಗೆ ಕೂತು ಮೊದಲಿನಿಂದ ಗಟ್ಟಿಯಾಗಿ ಓದಿದೆ. ಮಂತ್ರಿಗಳ ಸಂದೇಶ, ಕಾರ್ಯದರ್ಶಿಗಳ ಶುಭಾಶಯ, ಸಮಿತಿಯ ಎರಡು ಮಾತು, ಅಧ್ಯಕ್ಷರ ಮತ್ತೆರಡು ಮಾತು. ಒಂದು ಸಾಲೂ ಬಿಡಲಿಲ್ಲ, ಬಾಗಿಲು ಯಾವ ಸಾಲಿನಲ್ಲಿದೆಯೋ ಯಾರಿಗೆ ಗೊತ್ತು. ಇಪ್ಪತ್ತೇಳನೇ ಪುಟಕ್ಕೆ ಜೈನಾಬಿ ಗೋಡೆಗೆ ಒರಗಿ, ಮಾತಿಗೊಮ್ಮೆ ಉಸಿರೆಳೆಯುತ್ತ ಅಂದಳು, “ಸರ್... ಮಂತ್ರಿಗಳನ್ನ ಬಿಟ್ಟು ಮುಂದ ಹೋಗ್ರಿ... ನನ್ನ ಉಸಿರು ಅಷ್ಟು ಉದ್ದ ಇಲ್ರಿ.” ಎಲ್ಲರೂ ನಕ್ಕರು. ನಕ್ಕದ್ದಕ್ಕೆ ಎಷ್ಟು ಗಾಳಿ ಖರ್ಚಾಯಿತೋ ಎಂದು ನಾನು ಗದರಿಸಿದೆ.

ಹುಲಿಗೆಮ್ಮ ಓದು ಕೇಳುತ್ತಿರಲಿಲ್ಲ. ಜೈನಾಬಿಯ ಚೀಲದಿಂದ ನೀರು ತೆಗೆಯಲು ಹೋಗಿ, ಹದಿನೈದು ಚೀಲಗಳ ನಡುವೆ ಅದು ಸಿಕ್ಕಿಕೊಂಡದ್ದಕ್ಕೆ ಸಿಟ್ಟಿನಿಂದ ಜಗ್ಗಿದಳು. ಗೂಟ ಕಿರ್ರೆಂದು ತಿರುಗಿತು. ಬಾಗಿಲು ಒಂದು ಬೆರಳಷ್ಟು ಮೇಲೆದ್ದು ನಿಂತಿತು. ಹುಡುಗಿ ಗೂಟ ನೋಡಿದಳು, ತಗಡು ನೋಡಿದಳು, ನನ್ನನ್ನು ನೋಡಿದಳು. “ಸರ್, ಪಿಡಿ ಅಂದ್ರ ಹಿಡಿ ಅಲ್ಲೇನ್ರಿ? ನಮ್ಮಜ್ಜಿ ಸೌಟಿನ ಹಿಡಿ ಅಂತಾಳಲ್ರಿ, ಹಂಗ? ಪುಸ್ತಕ ಅಲ್ರಿ ಇದು. ಕೈಲೆ ಹಿಡದು ತಿರುವೂದು!” ಕೈಪಿಡಿ ಎಂಬುದಕ್ಕೆ ಆ ಅರ್ಥ ಯಾವ ನಿಘಂಟಿನಲ್ಲಿದೆ ಎಂದು ಕೇಳಲು ನಾನು ಬಾಯಿ ತೆರೆದೆ. ತೆರೆದಷ್ಟೇ ಬೇಗ ಮುಚ್ಚಿದೆ. ಒಂದು ತಾಸಿನಿಂದ ನಮ್ಮ ಜೀವ ಉಳಿಸುವ ಹಿಡಿಗೆ ನಾವು ಊಟದ ಡಬ್ಬಿ ನೇತುಹಾಕಿದ್ದೆವು.

ತಿರುವುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ನಮ್ಮ ಕೈಗಳು ಬರೀ ಕೈಗಳು. ಒಬ್ಬ ಹಿಡಿದರೆ ಜಾರಿತು, ಇಬ್ಬರು ಹಿಡಿದರೆ ಒಬ್ಬರಿಗೊಬ್ಬರು ಎದುರು ತಿರುವಿದರು, ಎದ್ದ ಬಾಗಿಲು ಮತ್ತೆ ಇಳಿಯಿತು. ಹುಲಿಗೆಮ್ಮನೇ ಎಣಿಕೆ ಹಾಕಿದಳು, ಮೂವರ ಪಾಳಿ ಮಾಡಿದಳು, ಇಪ್ಪತ್ತು ಸುತ್ತಿಗೊಮ್ಮೆ ಬದಲು. ನಡುವೆ ಅಂಗೈಗೆ ಬೊಬ್ಬೆ ಬಂತು. ಅದೇನೆಂದು ಗೊತ್ತಿಲ್ಲದ ಮಕ್ಕಳು ರೋಗವೆಂದು ಹೆದರಿ ಬಾಯಲ್ಲೂ ಬೊಬ್ಬೆ ಹಾಕಿದರು. ಆದರೂ ಬಿಡಲಿಲ್ಲ. ಓಣಿಪಾಳಿ ಎಂಬ ಪದಕ್ಕೆ ಅರ್ಥ ಬಂದದ್ದನ್ನು ನಾನು ಮೊದಲ ಸಲ ನೋಡಿದೆ. ಒಂದೂವರೆ ಗೇಣು ಎದ್ದ ಮೇಲೆ ಗೋಡೆಯೊಳಗೆಲ್ಲೋ ಚಕ್ರದ ಹಲ್ಲು ಮುರಿದು ಬಾಗಿಲು ಅಲ್ಲೇ ನಿಂತಿತು. ತಂಪಾದ ಗಾಳಿ ನೆಲ ಸವರಿಕೊಂಡು ಬಂತು. ಹದಿನೈದೂ ಮಕ್ಕಳು ತೆವಳಿ ಹೊರಗೆ ಹೋದರು. ಜೈನಾಬಿಯನ್ನು ಆಸ್ಪತ್ರೆಗೆ ಹೊತ್ತೊಯ್ದರು, ಉಸಿರು ಹದಕ್ಕೆ ಬಂದಿದೆ ಎಂದು ಈಗಷ್ಟೇ ಸುದ್ದಿ ಬಂತು. ಇಲ್ಲಿ ಉಳಿದವನು ನಾನೊಬ್ಬ. ಮುಳುಗುವ ಹಡಗಿನ ನಾಯಕ ಕೊನೆಗೆ ಇಳಿಯುತ್ತಾನಂತೆ. ಮಕ್ಕಳನ್ನು ಮುಂದೆ ಕಳಿಸಿ ಕೊನೆಯವರೆಗೆ ನಿಂತ ಗುರುವೆಂದು ನಾಳೆ ಓಣಿಯ ಸಭೆಯಲ್ಲಿ ಯಾರಾದರೂ ಹೇಳಿದರೆ ನಾನು ಸಂಕೋಚದಿಂದ ತಲೆ ತಗ್ಗಿಸುವವನಿದ್ದೇನೆ. ಬಾಗಿಲು ಎತ್ತುವ ಜಾಕು ತರಲು ಜನ ಹೋಗಿದ್ದಾರೆ. ಅಷ್ಟರಲ್ಲಿ ಇದೇ ಕೈಪಿಡಿ ಪುಸ್ತಕದ ಕೊನೆಯ ಖಾಲಿ ಹಾಳೆಗಳಲ್ಲಿ, ಕದ್ದ ಪೆನ್ಸಿಲ್ಲಿನಿಂದ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಸಣ್ಣದು. ನಿಮ್ಮ ಶಾಲೆಯಲ್ಲಿ ತೋಟಕ್ಕೋ ಮರಗೆಲಸಕ್ಕೋ ಬಾವಿ ಸ್ವಚ್ಛ ಮಾಡುವುದಕ್ಕೋ ಇಟ್ಟ ಅವಧಿಯನ್ನು ಪರೀಕ್ಷೆ ಹತ್ತಿರ ಬಂತೆಂದು ಗಣಿತದ ಮೇಷ್ಟ್ರು ಕೇಳಿದರೆ ಕೊಡಬೇಡಿ. ಗಣಿತ ಮುಖ್ಯ, ಒಪ್ಪಿದೆ. ಎರಡು ತಾಸನ್ನು ಹದಿನಾರರಿಂದ ಭಾಗಿಸಲು ನನಗೂ ಬರುತ್ತಿತ್ತು, ಅದರಿಂದ ಬಾಗಿಲು ತೆರೆಯಲಿಲ್ಲ. ಏನನ್ನಾದರೂ ಬಿಚ್ಚಿ, ಮತ್ತೆ ಕೂಡಿಸಿ. ಒಂದು ತಿರುಪು ಉಳಿದರೂ ಅಡ್ಡಿಯಿಲ್ಲ. ಬೊಬ್ಬೆ ಬಂದರೆ ತೋರಿಸಿಕೊಂಡು ತಿರುಗಿ. ಮುಂದೆ ನೀವು ದೊಡ್ಡವರಾಗಿ ಗೋಡೆಗೆ ತಗಡು ಹೊಡೆಯುವಾಗ ನಮ್ಮಂಥ ಪಂಡಿತರನ್ನು ನೆನೆದು, ‘ಈ ಕಬ್ಬಿಣ ಹಿಡಿದು ತಿರುಗಿಸು’ ಎಂದು ಬರೆಯಿರಿ. ಪಕ್ಕದಲ್ಲಿ ಚಿತ್ರವನ್ನೂ ಬಿಡಿಸಿ.

ಇಂತಿ, ಒಳಗಿನಿಂದ,
ಅಮರಯ್ಯ ಗುರುಗುಂಟಿ

ಸಹಿ ಹಾಕಿದ ಮೇಲೂ ಹಾಳೆಯಲ್ಲಿ ಜಾಗ ಉಳಿದಿದೆ, ಜಾಕೂ ಬಂದಿಲ್ಲ. ಆದ್ದರಿಂದ ಹೇಳಿಬಿಡುತ್ತೇನೆ. ಬಾಗಿಲು ಒಂದೂವರೆ ಗೇಣು ಎದ್ದ ಕೂಡಲೇ ‘ದಾರಿ ಸರಿಯಿದೆಯೋ ಪರೀಕ್ಷಿಸುತ್ತೇನೆ’ ಎಂದು ಎಲ್ಲರಿಗಿಂತ ಮೊದಲು ನುಗ್ಗಿದವನು ನಾನು. ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ಹೋಗಲಿಲ್ಲ. ಹತ್ತು ನಿಮಿಷ ಹಾಗೇ ಸಿಕ್ಕಿಕೊಂಡು, ಒಳಗೆ ಬರುತ್ತಿದ್ದ ಗಾಳಿಗೆ ನಾನೇ ಬಿರಡೆಯಾಗಿದ್ದೆ. “ಸರ್, ಬಾಗಿಲು ತೆಗದ್ವಿ, ಈಗ ನೀವ ಬಾಗಿಲಾದ್ರಿ” ಎಂದು ಬೈಯುತ್ತ ಹುಲಿಗೆಮ್ಮ ಮತ್ತು ಇಬ್ಬರು ನನ್ನ ಕಾಲು ಹಿಡಿದು ಹಿಂದಕ್ಕೆ ಎಳೆದರು. ಆಮೇಲೆ ಜೈನಾಬಿ ನನ್ನ ಪಕ್ಕದಲ್ಲೇ ತೆವಳಿಕೊಂಡು ಹೊರಗೆ ಹೋದಳು. ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ನಾನೂ ಒಂದು ತಮಾಷೆ ಮಾಡಿ ಮುಗಿಸುತ್ತಿದ್ದೆ.