ಮುಖ ಮಾತ್ರ ಬದಲಿಸಿ

ಆಲ್ಬನಿ, ಮೇ ತಿಂಗಳು, 1743

ಅಲೀಡಕ್ಕನಿಗೆ,

ನಾವಿಬ್ಬರೂ ಒಮ್ಮೆಯೂ ಭೇಟಿಯಾದವರಲ್ಲ. ನೀವು ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಬ್ರಾಂಟ್ ನನ್ನನ್ನು ಮದುವೆಯಾದರು. ಆದರೂ ಮೂರು ವರ್ಷದಿಂದ ನಿಮ್ಮೆದುರಿಗೇ ಕೂತು ಊಟ ಮಾಡುತ್ತಿದ್ದೇನೆ. ವಾನ್ ರೋಸ್ಬೆಕ್ ಮನೆತನದವರೆಲ್ಲ ನಡುಮನೆಯ ಗೋಡೆಯ ಮೇಲಿನ ಚಿತ್ರಗಳಲ್ಲಿ ಸಾಲಾಗಿ ಇದ್ದೀರಲ್ಲ: ತುಪ್ಪಳದ ವ್ಯಾಪಾರದಿಂದ ಈ ಮನೆ ಕಟ್ಟಿದ ಮಾವ, ಅತ್ತೆ, ಬ್ರಾಂಟ್, ಕೊನೆಯಲ್ಲಿ ನೀಲಿ ರೇಷ್ಮೆ ತೊಟ್ಟ ನೀವು.

ಈ ಮನೆಯಲ್ಲಿ ಸೊಸೆಯ ಚಿತ್ರ ಬರೆಸುವುದು ಚೊಚ್ಚಲ ಹೆರಿಗೆಗೆ ಮುಂಚೆ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ದಿನ ತುಂಬುತ್ತಾ ಬಂದಿತ್ತು. ನದಿಯ ಹಿಮ ಕರಗಿ ಹಾಯಿದೋಣಿಗಳು ಓಡಾಡತೊಡಗಿದ ಕೂಡಲೇ ಅತ್ತೆ ನ್ಯೂಯಾರ್ಕಿನಿಂದ ಚಿತ್ರಕಾರನನ್ನು ಕರೆಸಿದರು. ಅವನು ಬಂದ ದಿನವೇ ನಿಮ್ಮ ಚಿತ್ರವನ್ನು ಗೋಡೆಯಿಂದ ಇಳಿಸಿ ಅವನ ಮುಂದಿಟ್ಟರು.

"ರೇಷ್ಮೆ, ಕೈ ಎಲ್ಲ ಚೆನ್ನಾಗೇ ಇದೆ. ಮುಖ ಮಾತ್ರ ಕೆರೆದು ಇವಳದ್ದು ಬರೀರಿ. ಸೊಸೆ ಅಂದ್ರೆ ಸೊಸೆ, ಯಾರಾದ್ರೇನು," ಎಂದರು ಅತ್ತೆ.

ಬ್ರಾಂಟ್ ಮಾತಾಡಲಿಲ್ಲ. ನಾನೂ ಬೇಡವೆನ್ನಲಿಲ್ಲ. ಇನ್ನು ಊಟದ ಹೊತ್ತಿಗೆ ನಿಮ್ಮ ಕಣ್ಣು ನನ್ನ ಮೇಲಿರುವುದಿಲ್ಲ ಎಂದು ಸಮಾಧಾನವೇ ಆಯಿತು.

ಮರುದಿನ ಬೆಳಿಗ್ಗೆ ಅವನು ಚಾಕು ಮಸೆಯುತ್ತಿದ್ದಾಗ ನಿಮ್ಮ ಲೇನಾ ಬಂದು ನಿಂತಳು. ಅವಳಿಗೀಗ ಐದು ವರ್ಷ. ಅವಳು ನಿಮ್ಮನ್ನು ಕಂಡಿರುವುದು ಆ ಚಿತ್ರದಲ್ಲಿ ಮಾತ್ರ.

"ನನ್ನಮ್ಮನ್ನ ಕೆರೆದು ಎಲ್ಲಿ ಹಾಕ್ತೀರಿ?" ಎಂದು ಕೇಳಿದಳು.

"ನೆಲಕ್ಕೆ ಉದುರುತ್ತೆ ಮಗು. ಆಮೇಲೆ ಗುಡಿಸ್ತಾರೆ," ಎಂದ ಅವನು.

ಅವಳು ಅಳಲಿಲ್ಲ. ಅಡುಗೆಮನೆಗೆ ಹೋಗಿ ತನ್ನ ಗಂಜಿಯ ಬಟ್ಟಲು ತಂದು ಚಿತ್ರದ ಕೆಳಗಿಟ್ಟಳು.

ನಾನು ಕುರ್ಚಿಯಿಂದ ಎದ್ದೆ. "ನಾನು ಕೂರಲ್ಲ ಅತ್ತೆ. ಅವರನ್ನ ಇದ್ದಲ್ಲೇ ತೂಗುಹಾಕಿ."

"ನಾಳೆ ನಿನಗೇನಾದ್ರೂ ಆದ್ರೆ? ಹುಟ್ಟೋ ಮಗುಗೆ ತಾಯಿ ಮುಖಾನೇ ಗೊತ್ತಿರಲ್ಲ."

"ಗೊತ್ತು ಅತ್ತೆ."

ಆಗ ಬ್ರಾಂಟ್ ಮೊದಲ ಸಲ ಬಾಯಿ ತೆರೆದು ಚಿತ್ರಕಾರನನ್ನು ಕೇಳಿದರು. "ಇವಳದ್ದು ಬೇರೆ ಹೊಸ ಕ್ಯಾನ್ವಾಸಿನ ಮೇಲೆ ಬರೀತೀರಾ?"

"ತಂದಿಲ್ಲ ಸ್ವಾಮಿ. ಮುಖ ಮಾತ್ರ ಅಂತ ಹೇಳಿ ಕಳಿಸಿದ್ರಿ."

ಅವನು ಅದೇ ದೋಣಿಯಲ್ಲಿ ಹಿಂತಿರುಗಿದ. ನೀವು ಮತ್ತೆ ಗೋಡೆಗೆ ಹೋದಿರಿ. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ.

ನಿನ್ನೆ ಲೇನಾ ಮಣೆ ಎಳೆದುಕೊಂಡು ನನ್ನೆದುರು ಕೂತು ಎವೆಯಿಕ್ಕದೆ ನೋಡತೊಡಗಿದಳು. ಏನೆಂದು ಕೇಳಿದೆ.

"ನೋಡಿಟ್ಕೋತಿದ್ದೀನಿ ಚಿಕ್ಕಮ್ಮ. ಪಾಪು ಕೇಳಿದ್ರೆ ಹೇಳ್ಬೇಕಲ್ಲ. ಹುಬ್ಬು ಕೂಡಿದೆ. ಗಲ್ಲದ ಮೇಲೆ ಸಿಡುಬಿನ ಕಲೆ. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಕೋತೀಯ, ಹಲ್ಲು ಕಾಣಲ್ಲ."

ನಾನು ಬಾಯಿಂದ ಕೈ ತೆಗೆದೆ.

ಸೂಲಗಿತ್ತಿ ಬಂದಿದ್ದಾಳೆ, ಇಲ್ಲಿಗೆ ನಿಲ್ಲಿಸುತ್ತೇನೆ. ನಿಮ್ಮ ಜಾಗದಲ್ಲಿ ನೀವು ನೆಮ್ಮದಿಯಾಗಿರಿ ಅಕ್ಕ. ನಿಮ್ಮ ಮಗಳು ನೂರು ವರ್ಷ ಬಾಳಲಿ.

ಇಂತಿ,
ಕತಲೀನಾ