ವೈನೊ ತಂದ ಜಿಂಕೆ

ರೈನೊ ಅಣ್ಣ,

ನೀನಿನ್ನೂ ನಮ್ಮ ಮಿಷಿಗನ್ನಲ್ಲೇ ಇದ್ದೀಯೋ, ಬೇರೆಲ್ಲೋ ಗೊತ್ತಿಲ್ಲ. ಹಾಗಾಗಿ ಇದನ್ನು ಕಳಿಸುವ ಮಾತಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ ನೀನು ಜಗಳವಾಡಿ ಹೋದ ಮೇಲೆ, ನಮ್ಮ ಕೊಟ್ಟಿಗೆಯಲ್ಲಿ ಜಿಂಕೆ ತೂಗುಬಿದ್ದದ್ದು ಇವತ್ತೇ ಮೊದಲು. ನಿನ್ನ ಗೆಳೆಯ ವೈನೊ ಹಿಮದ ಮೇಲೆ ಎಳೆದು ತಂದ. ಹೊಡೆದದ್ದೂ ತಾನೇ, ಕಾಡಲ್ಲೇ ಕರುಳು ತೆಗೆದದ್ದೂ ತಾನೇ ಅಂದ.

ನನಗೆ ನಂಬಿಕೆ ಬರಲಿಲ್ಲ. ವೈನೊ ಚೂರಿ ಹಾಕಿದರೆ ಜಠರ ತೂತಾಗಿ ಮಾಂಸವೆಲ್ಲ ನಾರುತ್ತದೆ. ಇದರ ಹೊಟ್ಟೆ ಹೊಲಿಗೆ ಬಿಚ್ಚಿದಷ್ಟು ನೇರವಾಗಿ ಸೀಳಿತ್ತು. ಒಳಗೆ ಗಾಳಿಯಾಡಲೆಂದು ಪಕ್ಕೆಲುಬುಗಳ ನಡುವೆ ಒಂದು ಕಡ್ಡಿ ಸಿಕ್ಕಿಸಿತ್ತು, ತೊಗಟೆ ಸುಲಿದು ಎರಡೂ ತುದಿ ಚೂಪು ಮಾಡಿದ್ದು. ನಿನಗಿರುವಷ್ಟು ತಾಳ್ಮೆ ಅವನಿಗೆಲ್ಲಿದೆ?

"ಯಾವ ಚೂರಿಯಲ್ಲಿ ಕೊಯ್ದೆ, ತೋರಿಸು," ಅಂದೆ.

"ಟ್ರಕ್ಕಲ್ಲಿದೆ ಕಣೆ. ಪೊಲೀಸರ ಥರ ಕೇಳ್ತೀಯಲ್ಲ."

ಟ್ರಕ್ಕನ್ನು ಅಂಗಳಕ್ಕೆ ತರದೆ, ದೂರ ಮರಗಳ ಮರೆಯಲ್ಲಿ ನಿಲ್ಲಿಸಿದ್ದ.

"ಅದರಲ್ಲಿ ಯಾರಿದ್ದಾರೆ?"

"ಯಾರಿರ್ತಾರೆ? ನಾಯಿ," ಅಂದ, ನನ್ನ ಮುಖ ನೋಡದೆ.

ನಾನು ಬೂಟು ಹಾಕಿಕೊಂಡು ಬಾಗಿಲ ತನಕ ಹೋದೆ. ಅಲ್ಲೇ ನಿಂತೆ.

ಒಲೆಯ ಬಳಿಯಿಂದ ಎಲ್ಲ ಕೇಳಿಸಿಕೊಂಡ ಅಮ್ಮ ಫ್ಲಾಸ್ಕಿಗೆ ಕಾಫಿ ತುಂಬಿ ಅವನ ಕೈಗಿಟ್ಟಳು. "ಇದನ್ನ ಟ್ರಕ್ಕಿಗೆ ಒಯ್ಯಪ್ಪ. ಸಕ್ಕರೆ ಹಾಕಿಲ್ಲ, ಅವನಿಗೆ ಹಾಗೇ ಇಷ್ಟ."

"ನಾಯಿಗಾ, ಅಮ್ಮ?" ಅಂದೆ.

"ಹೂಂ, ನಾಯಿಗೇ."

ವೈನೊ ನಗಲಿಲ್ಲ. ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಇಳಿದುಹೋದ. ಆಮೇಲೆ ಎಷ್ಟೋ ಹೊತ್ತು ಟ್ರಕ್ಕು ಹೊರಡಲಿಲ್ಲ.

ಐಲಿ